ಎರಡು ಗೇಟುಗಳ ನಡುವೆ ಒಡೆದ ಸೀಲು

ಕಳೆದ ತಿಂಗಳು ಟ್ರೈಲರಿನ ಕೀಲಿಕೈಯನ್ನು ಆಫೀಸಿನ ಮೇಜಿನ ಮೇಲಿಟ್ಟು, ಒಂದು ಕಾಗದಕ್ಕೆ ಸಹಿ ಹಾಕಿ, ನಾನು ಡ್ರೈವರ್ ಕೆಲಸದಿಂದ ಇಳಿದೆ. ಇಪ್ಪತ್ತೇಳು ವರ್ಷ ಕುವೈತಿನಿಂದ ಹೊರಟು ಸೌದಿಯ ಮರುಭೂಮಿ ದಾಟಿ ಜೋರ್ಡಾನಿಗೆ, ದಾರಿ ತೆರೆದಿದ್ದ ಕಾಲದಲ್ಲಿ ಸಿರಿಯಾಕ್ಕೆ, ಎರಡು ಸಲ ಲೆಬನಾನಿನ ಬೆಟ್ಟಗಳ ತನಕವೂ ಲಾರಿ ಓಡಿಸಿದ್ದೇನೆ. ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ, ಮುಗಿಯಲು ಇನ್ನು ಎರಡು ತಿಂಗಳಿದೆ. ಹೆಂಡತಿ ಶಶಿಕಲಾ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅವಳದ್ದೂ ಅಷ್ಟರಲ್ಲೇ ಮುಗಿಯುತ್ತದೆ. ಅವಳು ಬೆಳಿಗ್ಗೆ ಡ್ಯೂಟಿಗೆ ಹೋದ ಮೇಲೆ ಅಬು ಹಲೀಫಾದ ಈ ಫ್ಲಾಟಿನಲ್ಲಿ ನಾನು, ಎ.ಸಿ.ಯ ಸದ್ದು ಮತ್ತು ಒಂದು ನೋಟ್ ಪುಸ್ತಕ.

ಬರೆಯಲು ಕಾರಣ ಇಬ್ಬರು ಹೊಸ ಡ್ರೈವರುಗಳು. ಬಂಟ್ವಾಳ ಕಡೆಯವರು, ಈಗಷ್ಟೇ ಹೆವಿ ಲೈಸೆನ್ಸ್ ಸಿಕ್ಕಿದವರು. ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅವರಲ್ಲೊಬ್ಬ ಕೇಳಿದ: "ಇದ್ರಲ್ಲಿ ಕಷ್ಟ ಎಂತ ಉಂಟು ಅಂಕಲ್? ಎ.ಸಿ. ಕ್ಯಾಬಿನ್, ಆಟೋಮ್ಯಾಟಿಕ್ ಗೇರು, ನೇರ ರಸ್ತೆ. ದಾರಿ ಮೊಬೈಲೇ ಹೇಳ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ರಸ್ತೆ ನಿಜಕ್ಕೂ ನೇರ. ಕುವೈತಿನ ಸಾಲ್ಮಿ ಗಡಿ ದಾಟಿದರೆ ಸೌದಿಯ ಹಫರ್ ಅಲ್ ಬಾತಿನ್, ಅಲ್ಲಿಂದ ರಫ್ಹಾ, ಅರಾರ್, ತುರೈಫ್. ಹಳೆಯ ಎಣ್ಣೆ ಪೈಪಿನ ಪಕ್ಕದಲ್ಲೇ ಸಾವಿರದ ಚಿಲ್ಲರೆ ಕಿಲೋಮೀಟರು ಓಡಿದರೆ ಜೋರ್ಡಾನಿನ ಗೇಟು. ಸ್ಟೀರಿಂಗ್ ತಿರುಗಿಸುವ ಕೆಲಸವೇ ಕಡಿಮೆ. ಆದರೆ ನಮ್ಮ ಕೆಲಸದಲ್ಲಿ ಓಡಿಸುವುದು ಅರ್ಧ ಮಾತ್ರ. ಉಳಿದರ್ಧ ಕಾಯುವುದು. ಗಡಿಯಲ್ಲಿ, ಮುದ್ರೆಗೆ, ಕಾಗದಕ್ಕೆ, ತಪಾಸಣೆಯ ನಾಯಿಗೆ, ಮುಂದಿನ ಲಾರಿ ಅಲುಗಾಡುವುದಕ್ಕೆ. ಟ್ರೈಲರಿನ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದರ ಬಾಗಿಲನ್ನು ಕೆಳಕ್ಕೆ ಮಡಚಿದರೆ ಅದೇ ನಮ್ಮ ಅಡುಗೆಮನೆ. ಗ್ಯಾಸ್ ಸ್ಟೌ, ಕುಕ್ಕರ್, ಕುಚ್ಚಲಕ್ಕಿ, ಒಣಮೀನಿನ ಚಟ್ನಿಯ ಡಬ್ಬಿ. ನನ್ನ ಆಯುಷ್ಯದ ಎಷ್ಟೋ ಮಧ್ಯಾಹ್ನಗಳು ಆ ಪೆಟ್ಟಿಗೆಯ ಎದುರು, ಚಕ್ರದ ನೆರಳಿನಲ್ಲಿ ಕಳೆದಿವೆ.

ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಡ್ರೈವರಿಗೆ ಬಡ್ತಿ ಎಂದರೆ ಚಕ್ರಗಳು ಹೆಚ್ಚಾಗುವುದು. ಬರೆಯುವುದಿದ್ದರೆ ತಪ್ಪುಗಳ ಬಗ್ಗೆ ಬರೆಯಬೇಕು.

ನನ್ನ ಮೊದಲ ದೊಡ್ಡ ತಪ್ಪು ಸೌತೆಕಾಯಿಯದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಜೋರ್ಡಾನಿನಿಂದ ಕುವೈತಿಗೆ ಒಂದು ಲಾರಿ ತುಂಬ ಸೌತೆಕಾಯಿ ತರುತ್ತಿದ್ದೆ. ತಂಪು ಪೆಟ್ಟಿಗೆಯ ಲಾರಿ. ಹಿಂದಿನ ಪೆಟ್ಟಿಗೆ ಎಷ್ಟು ತಂಪಾಗಿರಬೇಕೆಂದು ಒಂದು ಯಂತ್ರದಲ್ಲಿ ಒತ್ತಿ ಇಡಬೇಕು. ಸೌತೆಕಾಯಿಗೆ ಎಂಟು ಡಿಗ್ರಿ ಬೇಕಿತ್ತು. ಅದಕ್ಕೂ ಹಿಂದಿನ ಟ್ರಿಪ್ಪಿನಲ್ಲಿ ಹೆಪ್ಪುಗಟ್ಟಿದ ಕೋಳಿ ಸಾಗಿಸಿದ್ದ ಯಂತ್ರದಲ್ಲಿ ಮೈನಸ್ ಗುರುತು ಹಾಗೇ ಉಳಿದಿತ್ತು. ನಾನು ಎಂಟು ಒತ್ತಿದೆ, ಮೈನಸ್ ತೆಗೆಯಲಿಲ್ಲ. ಕುವೈತಿನಲ್ಲಿ ಬಾಗಿಲು ತೆರೆದಾಗ ಒಳಗೆ ಇದ್ದದ್ದು ಹಸಿರು ಗಾಜಿನ ಕೋಲುಗಳು.

ನಮ್ಮ ಲಾರಿಗಳನ್ನೆಲ್ಲ ಕಳಿಸುವ, ಕರೆಸುವ ಅಧಿಕಾರಿಯ ಹೆಸರು ಅಬು ಖಾಲಿದ್. ಜೋರ್ಡಾನಿನವರು, ದಪ್ಪ ಕನ್ನಡಕ, ಎರಡು ಕಿವಿಗೂ ಒಂದೊಂದು ಫೋನು. ಡ್ರೈವರುಗಳ ಜತೆ ಅವರು ಆಡುತ್ತಿದ್ದದ್ದು ಅರಬಿ ಮತ್ತು ಹಿಂದಿ ಕಲಸಿದ ಒಂದು ಭಾಷೆ. ಅವರು ಒಂದು ಸೌತೆಕಾಯಿಯನ್ನು ತೆಗೆದು ಮೇಜಿನ ಅಂಚಿಗೆ ಬಡಿದರು. ಟಕ್ಕೆಂದು ಎರಡಾಯಿತು.

"ಏನಾಯ್ತು?"

"ಯಂತ್ರ ಕೆಟ್ಟಿತ್ತು ಸಾರ್."

ಅವರು ಎರಡು ತುಂಡುಗಳನ್ನೂ ನನ್ನ ಮುಂದಿಟ್ಟರು. "ಸಂಜೀವ್, ಯಂತ್ರವನ್ನು ನಾನು ಈಗ ಹೋಗಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಆಗ ನೀನು ತಪ್ಪು ಮಾಡಿದವನೂ ಹೌದು, ಸುಳ್ಳು ಹೇಳಿದವನೂ ಹೌದು. ಎರಡನ್ನೂ ಹಿಡಿದುಕೊಂಡು ಮಾಲೀಕರ ಎದುರು ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ. ಒಂದಾದರೆ ನಿಲ್ಲುತ್ತೇನೆ. ಏನು ಮಾಡಿದೆ ಅಂತ ಕಾಗದದಲ್ಲಿ ಬರಿ."

ಮೈನಸ್ ಗುರುತಿನ ವಿಷಯ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಮಾಲೀಕರ ಕೋಣೆಗೆ ಹೋದರು. ಒಳಗೆ ಬೈಗುಳ ಬಿದ್ದದ್ದು ಹೊರಗೆ ನಿಂತ ನನಗೆ ಕೇಳಿಸಿತು. ಹೊರಗೆ ಬಂದವರೇ, "ಯಲ್ಲಾ, ನಾಳೆ ರಿಯಾದಿಗೆ ಲೋಡ್ ಇದೆ" ಎಂದರು. ಅಷ್ಟೇ. ಹೊಸಬರಿಗೆ ನಾನು ಹೇಳುವುದು ಇಷ್ಟು: ಮೇಲಿನವರು ಎಂಥವರು ಎಂಬುದು ನೀವು ಒಳ್ಳೆ ಕೆಲಸ ಮಾಡಿದ ದಿನ ಗೊತ್ತಾಗುವುದಿಲ್ಲ.

ಹಾಗಂತ ಅಬು ಖಾಲಿದ್ ಮೃದು ಮನುಷ್ಯ ಎಂದುಕೊಳ್ಳಬೇಡಿ. ಒಂದು ವಿಷಯದಲ್ಲಂತೂ ಅವರು ಕಲ್ಲು. ಅದು ಸೀಲು. ಒಂದು ದೇಶದಲ್ಲಿ ಸಾಮಾನು ತುಂಬಿದ ಮೇಲೆ ಲಾರಿಯ ಹಿಂಬಾಗಿಲಿಗೆ ಕಸ್ಟಮ್ಸಿನವರು ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಸೀಲು ಜಡಿಯುತ್ತಾರೆ, ಅದಕ್ಕೊಂದು ನಂಬರ್. ಆ ಸೀಲನ್ನು ಕೊನೆಯ ದೇಶದ ಕಸ್ಟಮ್ಸಿನವರೇ ಕತ್ತರಿಸಬೇಕು. ನಡುವೆ ಯಾರೂ ಮುಟ್ಟುವ ಹಾಗಿಲ್ಲ. ಆ ದಾರಿಯಲ್ಲಿ ನಶೆಯ ಮಾತ್ರೆಗಳನ್ನು ಸಾಗಿಸುವವರಿದ್ದಾರೆ. ಟೊಮೆಟೊದೊಳಗೆ, ಬಾಗಿಲಿನ ಚೌಕಟ್ಟಿನೊಳಗೆ, ಕುರಿಯ ಹೊಟ್ಟೆಯೊಳಗೂ ಇಟ್ಟು ಸಾಗಿಸಿದ ಸುದ್ದಿಗಳನ್ನು ಕೇಳಿದ್ದೇವೆ. ಆದ್ದರಿಂದ ಸೀಲು ಒಡೆದ ಲಾರಿ ಎಂದರೆ ಮಾತ್ರೆಯ ಲಾರಿ ಎಂದೇ ಮೊದಲ ಅನುಮಾನ. ಮಾತ್ರೆ ಸಿಕ್ಕಿದರೆ ಡ್ರೈವರಿನ ತಲೆ ಉಳಿಯುವುದಿಲ್ಲ. ಇದು ಮಾತಿಗೆ ಹೇಳಿದ್ದಲ್ಲ.

ಆ ಸೀಲನ್ನು ನಾನು ಒಡೆದೆ. ಅದರ ಕಥೆ ಹೀಗೆ.

ಬಕ್ರೀದಿಗೆ ಮೊದಲಿನ ದಿನಗಳು, ಬೇಸಿಗೆ ಕಾಲ. ಜೋರ್ಡಾನಿನ ಜರ್ಕಾದ ಗೋದಾಮಿನಿಂದ ನಾನು ಕುಡಿಯುವ ನೀರು ತರುತ್ತಿದ್ದೆ. ಲೆಬನಾನಿನ ಬೆಟ್ಟದ ನೀರು, ಒಂದೂವರೆ ಲೀಟರಿನ ಬಾಟಲಿಗಳು, ಹನ್ನೆರಡರ ಒಂದೊಂದು ಪೆಟ್ಟಿಗೆ, ಲಾರಿ ತುಂಬ. ನನ್ನ ಹಿಂದೆ ಇನ್ನೊಂದು ಲಾರಿಯಲ್ಲಿ ಆಲಿವ್ ಉಪ್ಪಿನಕಾಯಿ ಹೇರಿಕೊಂಡು ಹಮೀದ್ ಬರುತ್ತಿದ್ದ. ಹಮೀದ್ ಉಪ್ಪಿನಂಗಡಿಯ ಬ್ಯಾರಿ, ನನಗಿಂತ ಎಂಟು ವರ್ಷ ಚಿಕ್ಕವನು. ನಾವಿಬ್ಬರೂ ಹೆಚ್ಚಾಗಿ ಜತೆಯಲ್ಲೇ ಹೊರಡುತ್ತಿದ್ದೆವು. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಜೋರ್ಡಾನಿನ ಠಾಣೆಯಲ್ಲಿ ಪಾಸ್‌ಪೋರ್ಟಿಗೆ ಹೊರಹೋಗುವ ಮುದ್ರೆ ಬಿತ್ತು. ಅಲ್ಲಿಂದ ಸೌದಿಯ ಗೇಟಿಗೆ ಸ್ವಲ್ಪ ದೂರ. ನಡುವಿನ ಜಾಗ ಯಾರದ್ದೂ ಅಲ್ಲ ಎನ್ನುವ ಹಾಗಿರುತ್ತದೆ: ಎರಡೂ ಕಡೆ ತಂತಿ ಬೇಲಿ, ನಡುವೆ ಡಾಂಬರು, ಒಂದು ತಗಡಿನ ಮಾಡು. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಪಶ್ಚಿಮದ ಆಕಾಶ ಹಳದಿಯಾಯಿತು. ಅರ್ಧ ಗಂಟೆಯಲ್ಲಿ ನನ್ನ ಬಾನೆಟ್ಟು ನನಗೇ ಕಾಣದಷ್ಟು ಧೂಳು. ಸೌದಿಯ ಗೇಟು ಮುಚ್ಚಿತು. ಮುಂದಿನ ಹೆದ್ದಾರಿಯ ಮೇಲೆ ಮರಳು ಬಿದ್ದಿದೆ, ಯಾವ ವಾಹನವನ್ನೂ ಬಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಹಿಂದಕ್ಕೆ ಹೋಗೋಣವೆಂದರೆ ಪಾಸ್‌ಪೋರ್ಟಿನಲ್ಲಿ ನಾವು ಆಗಲೇ ಜೋರ್ಡಾನ್ ಬಿಟ್ಟವರು.

ಆ ಜಾಗದಲ್ಲಿ ಸುಮಾರು ನಲವತ್ತು ಲಾರಿಗಳಿದ್ದವು. ನನ್ನ ಪಕ್ಕದಲ್ಲಿ ನಿಂತದ್ದು ಕುರಿಗಳ ಲಾರಿ. ಮೂರು ಅಂತಸ್ತಿನ ಕಬ್ಬಿಣದ ಕಟಕಟೆ, ಒಳಗೆ ಮುನ್ನೂರಕ್ಕೂ ಹೆಚ್ಚು ಕುರಿ, ಹಬ್ಬಕ್ಕೆಂದು ಹೊರಟವು. ಅದರ ಡ್ರೈವರ್ ಅಬು ಮುಸ್ತಫಾ ಎಂಬ ಸಿರಿಯಾದವರು. ಅರವತ್ತರ ಹತ್ತಿರದ ಮನುಷ್ಯ, ಹಮಾ ಊರಿನ ಆಚೆ ಹಳ್ಳಿಯಲ್ಲಿ ಮೊದಲು ತಾವೇ ಕುರಿ ಸಾಕುತ್ತಿದ್ದರಂತೆ. ಯುದ್ಧದಲ್ಲಿ ಹಿಂಡು ಹೋಯಿತು. ಈಗ ಬೇರೆಯವರ ಕುರಿಗಳನ್ನು ಸಾಗಿಸುತ್ತಾರೆ.

ಮೊದಲ ದಿನ ಕುರಿಗಳ ಕೂಗಿನಿಂದ ಕಿವಿ ಕಿವುಡಾಯಿತು. "ಕಿವಿಗೆ ಹತ್ತಿ ಇಟ್ಟುಕೊಳ್ಳಿ ಸಂಜೀವಣ್ಣ" ಎಂದು ಹಮೀದ್ ನಗುತ್ತಿದ್ದ. ಅಬು ಮುಸ್ತಫಾ ತಮ್ಮ ಲಾರಿಯ ಟ್ಯಾಂಕಿನಿಂದ ನೀರು ಬಿಟ್ಟು ಕುಡಿಸಿದರು. ಸಂಜೆಗೆ ಟ್ಯಾಂಕು ಬರಿದಾಯಿತು. ಗಡಿಯಲ್ಲಿ ದಿನವೂ ಬರುವ ನೀರಿನ ಲಾರಿ ಮರಳಿನ ಆಚೆ ನಿಂತುಹೋಗಿತ್ತು. ಸೌದಿಯ ಠಾಣೆಯವರು ತಮ್ಮಲ್ಲಿ ಉಳಿದಿದ್ದ ನೀರನ್ನು ಡ್ರೈವರುಗಳಿಗೆ ಜಗ್ಗಿನಲ್ಲಿ ಅಳೆದು ಹಂಚಿದರು; ಅವರೂ ಅದನ್ನೇ ಕುಡಿಯುತ್ತಿದ್ದರು.

ಎರಡನೇ ದಿನ ಬೆಳಿಗ್ಗೆ ಎದ್ದಾಗ ಏನೋ ಬದಲಾಗಿದೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು: ಕುರಿಗಳು ಕೂಗುತ್ತಿಲ್ಲ. ಹೋಗಿ ನೋಡಿದೆ. ಕಟಕಟೆಯ ಸಂದಿನಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಕಣ್ಣುಗಳ ಸುತ್ತ ಧೂಳು ಕೆಸರಿನಂತೆ ಗಟ್ಟಿಯಾಗಿತ್ತು. ಅಬು ಮುಸ್ತಫಾ ತಮ್ಮ ಪಾಲಿನ ಜಗ್ಗು ನೀರಿನಲ್ಲಿ ಬಟ್ಟೆ ಅದ್ದಿ, ಕೈಗೆಟಕಿದ ಕುರಿಗಳ ನಾಲಿಗೆ ಒರೆಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆರು ಸತ್ತಿದ್ದವು.

"ಕೊಯ್ಯಲಿಕ್ಕೇ ಹೋಗುವ ಕುರಿಗಳಲ್ಲವಾ ಬಾಬಾ?" ಎಂದು ಹಮೀದ್ ಸಮಾಧಾನಕ್ಕೆಂದು ಹೇಳಿದ.

ಮುದುಕ ತಿರುಗಿ ನೋಡಿದರು. "ಕೊಯ್ಯುವ ಮೊದಲೂ ನೀರು ಕುಡಿಸುತ್ತೇವೆ ಮಗಾ. ನಿನಗೆ ಗೊತ್ತಿಲ್ಲವಾ?"

ಹಮೀದ್ ತಲೆ ತಗ್ಗಿಸಿದ.

ನನ್ನ ಲಾರಿಯಲ್ಲಿ ಇಪ್ಪತ್ತು ಸಾವಿರ ಲೀಟರಿನಷ್ಟು ನೀರಿತ್ತು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು; ಹೊರಗೆ ದೊಡ್ಡದಾಗಿ ಬಾಟಲಿಯ ಚಿತ್ರ ಬರೆದಿತ್ತು. ಆದರೂ ಒಬ್ಬನೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ಡ್ರೈವರುಗಳು, ಸೀಲು ಎಂದರೇನೆಂದು ತಿಳಿದವರು. ಅಬು ಮುಸ್ತಫಾ ಅಂತೂ ನನ್ನ ಲಾರಿಯ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೋಡಿದರೆ ಕೇಳಿದ ಹಾಗಾಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಅವರು ಕೇಳಿದ್ದರೆ ನಾನು ಇಲ್ಲವೆನ್ನಬಹುದಿತ್ತು.

ನಾನು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸೌದಿಯ ಠಾಣೆಗೆ ಹೋದೆ. ಅಲ್ಲಿ ಒಬ್ಬ ಯುವ ಅಧಿಕಾರಿ ಇದ್ದರು, ಮೂವತ್ತು ದಾಟಿರಲಾರದು. ನನ್ನ ಮುರುಕು ಅರಬಿಯಲ್ಲಿ ಹೇಳಿದೆ: ನಿಮ್ಮೆದುರೇ ಸೀಲು ತೆಗೆಯೋಣ, ಬೇಕಾದಷ್ಟೇ ನೀರು ತೆಗೆಯೋಣ, ನೀವೇ ಹೊಸ ಸೀಲು ಹಾಕಿ. ಅವರು ಪೂರ್ತಿ ಕೇಳಿಸಿಕೊಂಡರು.

"ಅದಕ್ಕೆ ನನಗೆ ಅಧಿಕಾರ ಇಲ್ಲ. ಅಧಿಕಾರ ಇರುವವರು ಮರಳಿನ ಆಚೆ ಇದ್ದಾರೆ. ನೀನು ಒಡೆದರೆ ನಿನ್ನನ್ನು ಹಿಡಿಯುವುದು ನನ್ನ ಕೆಲಸ. ಹಿಡಿಯುತ್ತೇನೆ. ಈಗಲೇ ಹೇಳುತ್ತಿದ್ದೇನೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊರಗೆ ಬಂದು ಅಬು ಖಾಲಿದರಿಗೆ ಫೋನು ಮಾಡಿದೆ. ನಾಲ್ಕನೇ ಸಲಕ್ಕೆ ಸಿಗ್ನಲ್ ಸಿಕ್ಕಿತು.

"ಮುಟ್ಟಬೇಡ ಸಂಜೀವ್" ಎಂದರು. "ಕುರಿ ಸತ್ತರೆ ಕುರಿಯ ಮಾಲೀಕ ನೋಡಿಕೊಳ್ಳುತ್ತಾನೆ. ನಿನಗೆ ಏನಾದರೂ ಆದರೆ ನಿನ್ನ ಹೆಂಡತಿಗೆ ನಾನು ಏನು ಹೇಳಲಿ? ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗು. ಖಲಾಸ್."

ಹೋಗಿ ಮಲಗಿದೆ. ಬಾಗಿಲು ಹಾಕಿ ಎ.ಸಿ. ಹಚ್ಚಿದೆ. ಪಕ್ಕದ ಕಟಕಟೆಯಲ್ಲಿ ಆಗಾಗ ಒಂದು ಕುರಿ ಮಂಡಿಯೂರಿ ಬೀಳುವ ಸದ್ದು, ಕಬ್ಬಿಣಕ್ಕೆ ಕಾಲು ತಗಲುವ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ. ಯೋಚನೆ ಮಾಡಿ ತೀರ್ಮಾನಕ್ಕೆ ಬಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎದ್ದು ಟೂಲ್ ಬಾಕ್ಸಿನಿಂದ ಗರಗಸದ ಬ್ಲೇಡು ತೆಗೆದುಕೊಂಡು ಹಿಂದಕ್ಕೆ ಹೋದೆ, ಅಷ್ಟೇ.

ಹಮೀದ್ ಓಡಿ ಬಂದ. "ನಿಮ್ಗೆ ಮರ್ಲಾ ಸಂಜೀವಣ್ಣ? ತಲೆ ಹೋಗ್ತದೆ ಮಾರಾಯ್ರೆ! ಶಶಿಯಕ್ಕನಿಗೆ ನಾನು ಎಂತ ಹೇಳೋದು?"

"ಎಲ್ಲರೂ ಅದನ್ನೇ ಕೇಳ್ತೀರಿ. ನೀನು ಒಂದು ಕಾಗದ, ಪೆನ್ನು ತಾ."

ಸೀಲು ಕೊಯ್ಯಲು ಬಹಳ ಹೊತ್ತು ಹಿಡಿಯಿತು. ಎರಡು ಬ್ಲೇಡು ತುಂಡಾದವು. ಬಾಗಿಲು ತೆರೆಯುವ ಮೊದಲು ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಸೀಲಿನ ನಂಬರ್ ಇದು, ಇಷ್ಟು ಗಂಟೆಗೆ ನಾನೇ ಒಡೆದೆ, ಬಾಯಾರಿದ ಪ್ರಾಣಿಗಳಿಗೆ ನೀರು ಕೊಡುವುದಕ್ಕೆ, ಬೇರೆ ಯಾರೂ ಹೇಳಿದ್ದಲ್ಲ. ಅಬು ಮುಸ್ತಫಾ ಅವರ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ಅವರು ಸಿಕ್ಕಿಬೀಳುವುದು ಬೇಡವಿತ್ತು. ಹಮೀದ್ ಗೊಣಗುತ್ತಲೇ ಸಾಕ್ಷಿಗೆ ಸಹಿ ಹಾಕಿದ.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಆ ತನಕ ಕ್ಯಾಬಿನ್ನುಗಳಲ್ಲಿ ಕೂತಿದ್ದವರೆಲ್ಲ ಧೂಳಿನಲ್ಲಿ ಇಳಿದು ಬಂದರು. ಪಠಾಣರು, ಈಜಿಪ್ಟಿನವರು, ತುರ್ಕಿಯವರು. ಒಬ್ಬರ ಭಾಷೆ ಇನ್ನೊಬ್ಬರಿಗಿಲ್ಲ. ಬಾಟಲಿಗಳು ಕೈಯಿಂದ ಕೈಗೆ ಸಾಲಾಗಿ ಹೋದವು. ಯಾರೋ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ಕಟಕಟೆಯೊಳಗೆ ತೂರಿಸಿದರು. ಮೊದಲ ಬಾಟಲಿ ಸುರಿದಾಗ ಕುರಿಗಳಿಗೆ ಅದು ನೀರೆಂದೇ ತಿಳಿಯಲಿಲ್ಲ. ಅಬು ಮುಸ್ತಫಾ ಒಂದರ ಮೂತಿ ಹಿಡಿದು ಮುಳುಗಿಸಿದರು. ಅದು ಕುಡಿಯಿತು. ಆಮೇಲೆ ಮೂರು ಅಂತಸ್ತಿನಲ್ಲೂ ಕುಡಿಯುವ ಸದ್ದು, ಗುಟುಕು ಗುಟುಕಾಗಿ. ಅಷ್ಟು ಹೊತ್ತಿಗೆ ಮುದುಕ ಅಳುತ್ತಿದ್ದರು. ನಾನು ನೀರು ಸುರಿಯುತ್ತಲೇ ಮತ್ತೆ ಮತ್ತೆ ಠಾಣೆಯ ಕಡೆ ತಿರುಗಿ ನೋಡುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದ ಸಂತೋಷ ಎಂದು ದಯವಿಟ್ಟು ಓದಿಕೊಳ್ಳಬೇಡಿ. ಅದು ಹೆದರಿಕೆ.

ಎಪ್ಪತ್ತೆರಡು ಪೆಟ್ಟಿಗೆ ಖರ್ಚಾಯಿತು. ಖಾಲಿ ಬಾಟಲಿ ಒಂದನ್ನೂ ಬಿಸಾಡದೆ ಮತ್ತೆ ಪೆಟ್ಟಿಗೆಗಳಲ್ಲಿ ತುಂಬಿ ಲಾರಿಯ ಪಕ್ಕ ಜೋಡಿಸಿಟ್ಟೆವು. ತುಂಡಾದ ಸೀಲನ್ನು ಕಾಗದಕ್ಕೆ ಸುತ್ತಿ ನಾನೇ ಹೋಗಿ ಆ ಯುವ ಅಧಿಕಾರಿಯ ಮೇಜಿನ ಮೇಲಿಟ್ಟೆ.

ಅವರು ಹೇಳಿದ ಹಾಗೆಯೇ ನನ್ನನ್ನು ಹಿಡಿದರು.

ಮೂರನೇ ದಿನ ಗೇಟು ತೆರೆಯಿತು. ಹಮೀದನ ಲಾರಿಯನ್ನು ಬಿಟ್ಟರು. ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಕಿಟಕಿಯಿಂದ ನನ್ನ ಲಾರಿ ಕಾಣುತ್ತಿತ್ತು. ಪ್ರತಿಯೊಂದು ಪೆಟ್ಟಿಗೆಯನ್ನೂ ಇಳಿಸಿ, ನಾಯಿಗಳನ್ನು ಬಿಟ್ಟು ಮೂಸಿಸಿದರು. ಟೈರು ಬಿಚ್ಚಿದರು. ಸೀಟಿನ ಹೊಲಿಗೆ ಬಿಚ್ಚಿದರು. ನನ್ನ ಕುಚ್ಚಲಕ್ಕಿಯನ್ನು ಜರಡಿಯಲ್ಲಿ ಸೋಸಿದರು.

ಕುರಿಗಳ ಲಾರಿಗೆ ಮುದ್ರೆ ಬಿದ್ದಾಗಿತ್ತು, ಗೇಟಿನ ಅರ್ಧದಲ್ಲಿತ್ತು. ಹಬ್ಬ ಹತ್ತಿರ, ಕುರಿಗಳು ಬಳಲಿದ್ದವು, ತಡಮಾಡುವ ಹಾಗಿರಲಿಲ್ಲ. ಕಿಟಕಿಯಲ್ಲಿ ನೋಡುತ್ತಿದ್ದಂತೆ ಲಾರಿ ನಿಂತಿತು. ಅಬು ಮುಸ್ತಫಾ ಇಳಿದು ನಾನಿದ್ದ ಕಟ್ಟಡದ ಕಡೆ ನಡೆದು ಬಂದರು. ಪಕ್ಕದ ಕೋಣೆಯಲ್ಲಿ ಅವರ ಧ್ವನಿ ಕೇಳಿಸಿತು.

"ಆ ಕಾಗದದಲ್ಲಿ ಬಾಯಾರಿದ ಪ್ರಾಣಿಗಳು ಅಂತ ಬರೆದಿದೆಯಲ್ಲ, ಅವು ನನ್ನವು. ನನ್ನ ಹೆಸರು ಬರೆದುಕೊಳ್ಳಿ."

ಬರೆದುಕೊಂಡರು. ಹೆಸರು ಬಿದ್ದ ಮೇಲೆ ಅವರ ಲಾರಿಯನ್ನೂ ಪರೀಕ್ಷಿಸಲೇಬೇಕಾಯಿತು. ಮುನ್ನೂರು ಕುರಿಗಳನ್ನು ಇಳಿಸಿ, ಒಂದೊಂದಾಗಿ ನೋಡಿ, ಮತ್ತೆ ಹತ್ತಿಸುವುದಕ್ಕೆ ಒಂದು ದಿನ ಪೂರ್ತಿ ಹೋಯಿತು. ಅಷ್ಟು ಹೊತ್ತಿಗೆ ನೀರಿನ ಲಾರಿ ಬಂದಿತ್ತು, ದೇವರ ದಯೆ. ಸಂಜೆ ಹೊರಡುವ ಮೊದಲು ಅವರು ಕಿಟಕಿಯ ಹತ್ತಿರ ಬಂದು ನಿಂತರು. ನಾನು ಸಿಟ್ಟಿನಿಂದ, "ಯಾಕೆ ಬಾಬಾ? ಹೋಗಬಹುದಿತ್ತಲ್ಲ" ಎಂದೆ.

"ಹೋಗಬಹುದಿತ್ತು" ಎಂದರು. ಕಿಟಕಿಯ ಸರಳಿನ ಮೇಲೆ ಒಮ್ಮೆ ಕೈಯಿಟ್ಟು, ಹೋದರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ನಾಲ್ಕನೇ ದಿನ ಅಧಿಕಾರ ಇರುವ ದೊಡ್ಡವರು ಬಂದು ನನ್ನನ್ನು ಕೇಳಿದರು: "ಆ ಕುರಿಗಳು ಯಾರದ್ದೆಂದು ಗೊತ್ತಿತ್ತಾ?"

"ಇಲ್ಲ."

"ನೀರು ಯಾರದ್ದೆಂದು?"

"ಗೊತ್ತಿತ್ತು ಸಾರ್. ನನ್ನದಲ್ಲ."

ಅವರು ನನ್ನ ಕಾಗದವನ್ನು ಮತ್ತೊಮ್ಮೆ ಓದಿ, ಖಾಲಿ ಬಾಟಲಿಗಳನ್ನು ಎಣಿಸಿದ ಪಟ್ಟಿ ನೋಡಿ, "ಕಂಪೆನಿಯಿಂದ ಜವಾಬ್ದಾರಿಯವರು ಒಬ್ಬರು ಬಂದು ಸಹಿ ಹಾಕಲಿ. ಆಮೇಲೆ ಬಿಡುತ್ತೇವೆ" ಎಂದರು.

ಇನ್ನೂ ಮೂರು ದಿನ ಕಾದ ಮೇಲೆ ಬಂದವರು ಅಬು ಖಾಲಿದ್. ಹಬ್ಬದ ನೂಕುನುಗ್ಗಲಿನಲ್ಲಿ ವಿಮಾನದಲ್ಲಿ ಸೀಟು ಸಿಗದೆ, ಕುವೈತಿಗೆ ಮುಟ್ಟಿದ ಹಮೀದನನ್ನೇ ಮತ್ತೆ ಹೊರಡಿಸಿ, ಅವನ ಲಾರಿಯಲ್ಲಿ ಕೂತು ಬಂದಿದ್ದರು. ಇಪ್ಪತ್ತು ವರ್ಷ ಲಾರಿಗಳನ್ನು ಈ ದಾರಿಯಲ್ಲಿ ಕಳಿಸಿದ ಮನುಷ್ಯ ಮೊದಲ ಸಲ ಲಾರಿಯಲ್ಲಿ ಕೂತದ್ದು. ಇಳಿಯುವಾಗ ಮೆಟ್ಟಿಲು ಎಷ್ಟು ಎತ್ತರವೆಂದು ಗೊತ್ತಾಗದೆ ಬೀಳುವಂತಾಗಿ ಹಮೀದನ ಹೆಗಲು ಹಿಡಿದರು. ಬಟ್ಟೆಯೆಲ್ಲ ಧೂಳು. ನನ್ನನ್ನು ಕಂಡವರೇ ಬಯ್ಯಲು ಬಾಯಿ ತೆರೆದರು, ಬಯ್ಯಲಿಲ್ಲ. "ಊಟ ಕೊಟ್ಟರಾ?" ಎಂದರು.

ವಾಪಸು ನನ್ನ ಲಾರಿಯಲ್ಲೇ ಬಂದರು. ಎರಡು ದಿನ. ಅರಾರ್ ದಾಟಿದ ಮೇಲೆ ಶೌಚಾಲಯ ಬೇಕೆಂದರು. ಇನ್ನು ತೊಂಬತ್ತು ಕಿಲೋಮೀಟರು ಏನೂ ಇಲ್ಲ ಎಂದೆ. "ಹಾಗಾದರೆ ನೀವು ಏನು ಮಾಡುತ್ತೀರಿ?" ಎಂದು ನಿಜವಾಗಿ ಗಾಬರಿಯಾಗಿ ಕೇಳಿದರು. ಹೇಳಿದೆ. ಮಧ್ಯಾಹ್ನ ಪಕ್ಕದ ಪೆಟ್ಟಿಗೆ ತೆರೆದು ಗಂಜಿ ಮಾಡಿ, ಚಟ್ನಿ ಹಾಕಿಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ಉಂಡರು. "ಈ ಎರಡು ದಿನ ನನಗೆ ಮೊದಲೇ ಬೇಕಿತ್ತು ಸಂಜೀವ್" ಎಂದರು.

ಕುವೈತಿನಲ್ಲಿ ನನಗೆ ಶಿಕ್ಷೆಯಾಯಿತು. ನೀರಿನ ವ್ಯಾಪಾರಿ ದೂರು ಕೊಡಲಿಲ್ಲ. ಆದರೆ ಸೀಲು ಒಡೆದವನನ್ನು ಹಾಗೇ ಬಿಟ್ಟರೆ ನಾಳೆ ಯಾರೂ ಹೆದರುವುದಿಲ್ಲ ಎಂದು ಮಾಲೀಕರು ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ವರ್ಷ ಹೊರದೇಶದ ದಾರಿ ಬಂದ್. ಶುವೈಖ್ ಬಂದರಿನಿಂದ ಗೋದಾಮಿಗೆ, ಗೋದಾಮಿನಿಂದ ಬಂದರಿಗೆ. ಶಶಿಕಲಾಗೆ ಮಾತ್ರ ಅದು ಹಬ್ಬ. "ಇನ್ನೊಂದು ಸೀಲು ಒಡೆದುಬಿಡಿ ಮಾರಾಯ್ರೆ, ದಿನಾ ಮನೆಯಲ್ಲಿ ಇರ್ತೀರಿ" ಎನ್ನುತ್ತಿದ್ದಳು. ಆದರೆ ನಡೆದದ್ದನ್ನು ಹಮೀದನ ಬಾಯಿಂದ ಕೇಳಿದ ದಿನ ಅವಳು ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಅಬು ಖಾಲಿದ್ ಮಾಲೀಕರ ಜತೆ ಜಗಳವಾಡಿ, ಹೊರದೇಶಕ್ಕೆ ಹೋಗುವ ಪ್ರತಿ ಲಾರಿಯ ಅಡಿಯಲ್ಲಿ ಇನ್ನೂರು ಲೀಟರಿನ ಒಂದು ನೀರಿನ ಟ್ಯಾಂಕು ಹಾಕಿಸಿದರು. ಈಗ ಕೆಲಸಕ್ಕೆ ಸೇರುವವರು ಅದು ಲಾರಿಯ ಜತೆಗೇ ಬರುತ್ತದೆ ಎಂದುಕೊಂಡಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಹಮೀದ್ ಎಲ್ಲಿ ಹೋದರೂ ಇಲ್ಲಿಗೇ ನಿಲ್ಲಿಸುತ್ತಾನೆ. ಬಂಟ್ವಾಳದ ಆ ಇಬ್ಬರಿಗೂ ಅವನು ಇಷ್ಟೇ ಹೇಳಿದ್ದಾನೆ; ಹಾಗಾಗಿ ಅವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಉಳಿದದ್ದನ್ನು ಹಮೀದನಿಗೂ ನಾನು ಹೇಳಿರಲಿಲ್ಲ.

ಒಂದು ವರ್ಷ ಕಳೆದು ನನ್ನನ್ನು ಮತ್ತೆ ಜೋರ್ಡಾನ್ ದಾರಿಗೆ ಹಾಕಿದಾಗ ಲಾರಿಗಳಲ್ಲಿ ಹೊಸ ಯಂತ್ರ ಬಂದಿತ್ತು. ಲಾರಿ ಎಲ್ಲಿದೆ, ಎಷ್ಟು ವೇಗ, ಎಲ್ಲಿ ಎಷ್ಟು ನಿಮಿಷ ನಿಂತಿತು ಎಲ್ಲವೂ ಆಫೀಸಿನ ಪರದೆಯಲ್ಲಿ ಕಾಣುತ್ತದೆ. ಗುರುತಿಸಿದ ಜಾಗ ಬಿಟ್ಟು ಬೇರೆಲ್ಲಾದರೂ ನಿಂತರೆ ಕೆಂಪು ದೀಪ. ನನಗೆ ಆಫೀಸಿನಲ್ಲಿ ಎಚ್ಚರಿಕೆ ಕೊಟ್ಟೇ ಕಳಿಸಿದ್ದರು: ಇನ್ನೊಂದು ದೂರು ಬಂದರೆ ನೇರ ಊರಿಗೆ.

ಆ ಮೊದಲ ಟ್ರಿಪ್ಪಿನಲ್ಲೇ, ರಫ್ಹಾ ದಾಟಿದ ಮೇಲೆ, ಮಧ್ಯಾಹ್ನ, ರಸ್ತೆಯ ಬದಿಯಲ್ಲಿ ಬಾನೆಟ್ಟು ತೆರೆದು ನಿಂತ ಒಂದು ಹಳೆಯ ಪಿಕಪ್ ಕಾಣಿಸಿತು. ಪಕ್ಕದಲ್ಲಿ ಒಬ್ಬ ಮನುಷ್ಯ ಖಾಲಿ ಕ್ಯಾನೊಂದನ್ನು ಎತ್ತಿ ಬೀಸುತ್ತಿದ್ದ. ನನ್ನ ಲಾರಿಯ ಅಡಿಯಲ್ಲಿ ಇನ್ನೂರು ಲೀಟರು ನೀರಿತ್ತು. ಯಾವ ಸೀಲೂ ಅದಕ್ಕಿರಲಿಲ್ಲ.

ನಾನು ನಿಲ್ಲಿಸಲಿಲ್ಲ.

ಹಿಂದೆ ಬೇರೆ ಲಾರಿ ಬರುತ್ತದೆ ಎಂದುಕೊಂಡೆ. ಕೆಂಪು ದೀಪ ನೆನಪಾಯಿತು. ಇಷ್ಟು ದೊಡ್ಡ ಲಾರಿ ತಟ್ಟನೆ ನಿಲ್ಲುವುದಿಲ್ಲ ಎಂದೂ ಅಂದುಕೊಂಡೆ. ಇವೆಲ್ಲ ಯೋಚಿಸಲು ಸಾಕಷ್ಟು ಸಮಯವಿತ್ತು. ನಿಲ್ಲಿಸಲಿಕ್ಕೂ ಸಾಕಷ್ಟು ಸಮಯವಿತ್ತು. ಕನ್ನಡಿಯಲ್ಲಿ ಅವನು ಕ್ಯಾನು ಇಳಿಸಿದ್ದು ಕಂಡಿತು. ಐವತ್ತು ಕಿಲೋಮೀಟರು ಆಚೆ ಪೆಟ್ರೋಲ್ ಬಂಕಿನಲ್ಲಿ ಇಳಿದು ಪೊಲೀಸರಿಗೆ ಫೋನು ಮಾಡಿದೆ. ಜಾಗ ಹೇಳಿದೆ. ಬರೆದುಕೊಂಡೆವು ಎಂದರು. ಅವರು ಹೋಗಿರಬಹುದು. ಬೇರೆ ಲಾರಿ ನಿಂತಿರಲೂಬಹುದು. ನನಗೆ ಗೊತ್ತಿಲ್ಲ. ಎಂದೂ ಗೊತ್ತಾಗುವುದಿಲ್ಲ.

ಐದು ದಿನದ ನಂತರ ಅದೇ ದಾರಿಯಲ್ಲಿ ವಾಪಸು ಬರುವಾಗ ಆ ಜಾಗ ಹುಡುಕಿ ಲಾರಿ ನಿಲ್ಲಿಸಿದೆ. ಪಿಕಪ್ ಇರಲಿಲ್ಲ. ಎಣ್ಣೆ ಸೋರಿದ ಕಲೆ, ಟೈರಿನ ಒಂದು ಚೂರು, ಮತ್ತೇನೂ ಇಲ್ಲ. ಇಳಿದು ಸುಮ್ಮನೆ ನಿಂತೆ. ಬಿಸಿಲು ನೆತ್ತಿಯ ಮೇಲಿತ್ತು. ಕೆಲವು ನಿಮಿಷದಲ್ಲಿ ಫೋನು ಬಂತು. ಅಬು ಖಾಲಿದ್.

"ಸಂಜೀವ್, ಪರದೆಯಲ್ಲಿ ನಿನ್ನ ಲಾರಿ ಕೆಂಪಾಗಿದೆ. ರಫ್ಹಾದ ಹತ್ತಿರ, ಏನೂ ಇಲ್ಲದ ಜಾಗ. ಏನಾಯ್ತು? ಲಾರಿ ಕೆಟ್ಟಿತಾ?"

ಹೌದು ಎನ್ನುವುದು ಸುಲಭವಿತ್ತು.

"ಲಾರಿ ಸರಿಯಿದೆ ಸಾರ್. ಹೋಗುವಾಗ ಇಲ್ಲಿ ಒಬ್ಬನ ಹತ್ತಿರ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅದಕ್ಕೆ ಈಗ ನಿಲ್ಲಿಸಿದ್ದೇನೆ."

ಅವರ ಇನ್ನೊಂದು ಫೋನು ಹೊಡೆದುಕೊಳ್ಳುವುದು ಕೇಳುತ್ತಿತ್ತು. ಅದನ್ನು ಅವರು ಎತ್ತಲಿಲ್ಲ.

"ಎಷ್ಟು ಹೊತ್ತು ಬೇಕೋ ನಿಲ್ಲು" ಎಂದರು. "ಕೆಂಪು ದೀಪವನ್ನು ನಾನು ನೋಡಿಕೊಳ್ಳುತ್ತೇನೆ."